ನಾಲ್ಕು ಪುಟದ ಪತ್ರಿಕೆಯಲ್ಲಿ ಕಲಿತಿದ್ದು

ಮೊಬೈಲ್‌ನಲ್ಲಿ ಬರೆದ ಕನ್ನಡವನ್ನು ಪೇಜ್‌ಮೇಕರ್‌ಗೆ ಹಾಕುವಾಗ ಮೊದಲು ಕೆಡುವುದು ಅರ್ಕಾವತ್ತು. ಮೊಬೈಲಿನ ಯೂನಿಕೋಡ್‌ನಿಂದ ‘ನುಡಿ’ ಫಾಂಟಿಗೆ ಬದಲಾಗುವಾಗ ಅದು ಬಿದ್ದುಹೋಗುತ್ತದೆ, ಇಲ್ಲವೇ ಪಕ್ಕದ ಅಕ್ಷರಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ‘ಕರ್ನಾಟಕ’ ಹೋಗಿ ‘ಕನಾಟಕ’ ಆಗಿರುತ್ತದೆ. ‘ವರ್ಷ’ ಇದ್ದ ಕಡೆ ‘ವಷ’ ಕೂತಿರುತ್ತದೆ. ಇದನ್ನು ನನಗೆ ಯಾವ ಪಠ್ಯಪುಸ್ತಕವೂ ಹೇಳಲಿಲ್ಲ. ಬೆಳಗಾವಿಯಲ್ಲಿ ಪತ್ರಿಕೋದ್ಯಮದ ಎಂ.ಎ. ಓದುವಾಗ, ವಿಭಾಗದ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತು ಪುಟ ಕಟ್ಟುತ್ತಾ ಕಲಿತೆ.

ನಮ್ಮದು ನಾಲ್ಕು ಪುಟದ ಪ್ರಾಯೋಗಿಕ ಪತ್ರಿಕೆ. ಟ್ಯಾಬ್ಲಾಯ್ಡ್ ಅಳತೆ. ಸೆಮಿಸ್ಟರಿಗೆ ಎರಡು ಸಂಚಿಕೆ, 300 ಪ್ರತಿ. ಬೆಳಗಾವಿಯದೇ ಶಹಾಪುರದ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿತ್ತು. 2018ರ ಜುಲೈನಲ್ಲಿ ಸೇರಿದಾಗ ನಾವು ಇಪ್ಪತ್ತೆರಡು ಜನ. ಲ್ಯಾಬಿನಲ್ಲಿ ಹನ್ನೊಂದು ಕಂಪ್ಯೂಟರ್, ಅದರಲ್ಲಿ ಏಳು ನಡೆಯುತ್ತಿದ್ದವು.

‘ಕಾಲೇಜಿನಲ್ಲಿ ಓದಿದ್ದಕ್ಕೂ ಫೀಲ್ಡಿಗೂ ಸಂಬಂಧವೇ ಇಲ್ಲ’ ಅನ್ನುವ ಮಾತನ್ನು ಕೆಲಸಕ್ಕೆ ಸೇರಿದ ಮೇಲೆ ಬಹಳ ಸಲ ಕೇಳಿದ್ದೇನೆ. ಹಿರಿಯರು ಹೇಳುತ್ತಾರೆ, ನನ್ನ ಜೊತೆ ಓದಿದವರೂ ಹೇಳುತ್ತಾರೆ. ನಾನು ಈಗ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ಕೆಲಸ ಮಾಡುತ್ತಾ ಹೋದಷ್ಟೂ ನನಗೆ ಆ ಮಾತು ಸುಳ್ಳು ಅನ್ನಿಸುತ್ತಿದೆ. ಸಿಲೆಬಸ್ ಹಳೆಯದಿತ್ತು, ನಿಜ. ಆದರೆ ಆ ಲ್ಯಾಬು, ಹಾಸ್ಟೆಲ್ಲು, ಕ್ಯಾಂಪಸ್ಸಿನ ಬಾಗಿಲು, ಅಲ್ಲಿ ಯಾರಿಗೆ ಯಾವ ಕೆಲಸ ಸಿಗುತ್ತಿತ್ತು, ಯಾವ ಸುದ್ದಿ ಉಳಿಯುತ್ತಿತ್ತು, ಎಲ್ಲವೂ ಆಗಲೇ ಪತ್ರಿಕೋದ್ಯಮವೇ ಆಗಿತ್ತು. ನಾವು ಅದಕ್ಕೆ ತಯಾರಾಗುತ್ತಿದ್ದೇವೆ ಅಂದುಕೊಂಡಿದ್ದೆವು. ಅಷ್ಟೊತ್ತಿಗೆ ಅದರೊಳಗೇ ಇದ್ದೆವು.

ಹಾಸ್ಟೆಲ್ ಗೇಟಿನಿಂದಲೇ ಶುರು ಮಾಡುತ್ತೇನೆ.

ನಾನು ಬಾಗಲಕೋಟೆ ಜಿಲ್ಲೆಯ ಹಳ್ಳಿಯವಳು. ಲೇಡೀಸ್ ಹಾಸ್ಟೆಲಿನಲ್ಲಿದ್ದೆ. ಗೇಟು ಸಂಜೆ ಏಳಕ್ಕೆ ಮುಚ್ಚುತ್ತಿತ್ತು. ಬೆಳಗಾವಿಯಲ್ಲಿ ಊರಿನ ಸುದ್ದಿ ಅನ್ನುವುದು ಶುರುವಾಗುವುದೇ ಆ ಹೊತ್ತಿಗೆ. ಕುಮಾರ ಗಂಧರ್ವ ರಂಗಮಂದಿರದ ಕಾರ್ಯಕ್ರಮ ಆಮಂತ್ರಣದಲ್ಲಿ ಐದೂವರೆ ಅಂತ ಇದ್ದರೆ ದೀಪ ಹಚ್ಚುವಾಗ ಆರೂವರೆ ಆಗಿರುತ್ತದೆ. ಮುಖ್ಯ ಅತಿಥಿ ಮಾತಾಡುವ ಹೊತ್ತಿಗೆ ನಾನು ಹಾಸ್ಟೆಲಿನ ರಿಜಿಸ್ಟರಿನಲ್ಲಿ ಸಹಿ ಮಾಡುತ್ತಿರುತ್ತಿದ್ದೆ. ಹಾಗಾಗಿ ವರದಿಗಾರಿಕೆ ಅನ್ನುವುದು ತಾನಾಗಿಯೇ ಬೈಕ್ ಇದ್ದ ಹುಡುಗರ ಪಾಲಿಗೆ ಹೋಯಿತು. ನಮಗೆ ಉಳಿದದ್ದು ಅನುವಾದ, ನುಡಿಚಿತ್ರ, ಪುಟ ಕಟ್ಟುವುದು, ಕರಡು ತಿದ್ದುವುದು. ವಿಡಿಯೋ ಮಾಡುವ ದಿನ ಬಂದರೆ ಆ್ಯಂಕರ್ ಆಗಲು ಮಾತ್ರ ಹುಡುಗಿಯರನ್ನು ಕರೆಯುತ್ತಿದ್ದರು. ‘ಸೀರಿ ಉಟ್ಕೊಂಡ ಬಾರವಾ, ಫ್ರೇಮ್ ಚಲೋ ಕಾಣತೈತಿ’ ಅಂತ ಹೇಳಿ ಕಳಿಸುತ್ತಿದ್ದರು. ಕ್ಯಾಮೆರಾ ಹಿಂದೆ ಹೇಗೆ ನಿಲ್ಲಬೇಕು ಅಂತ ಯಾರೂ ನಮಗೆ ಹೇಳಿಕೊಡಲಿಲ್ಲ. ಕೇಳಬೇಕು ಅಂತ ನಮಗೂ ಹೊಳೆಯಲಿಲ್ಲ.

ಯಾರೂ ಕೆಟ್ಟವರಾಗಿರಲಿಲ್ಲ. ಇದನ್ನು ಒತ್ತಿ ಹೇಳಬೇಕು. ವಾರ್ಡನ್ ಮೇಡಂ ನಮ್ಮ ಕಾಳಜಿಯಿಂದಲೇ ಗೇಟು ಹಾಕಿಸುತ್ತಿದ್ದರು. ಪತ್ರಿಕೆ ನೋಡಿಕೊಳ್ಳುತ್ತಿದ್ದ ಸರ್ ನಮ್ಮ ಅನುಕೂಲ ನೋಡಿಯೇ ಕೆಲಸ ಹಂಚುತ್ತಿದ್ದರು. ಆದರೆ ಎರಡು ವರ್ಷ ಮುಗಿಯುವ ಹೊತ್ತಿಗೆ ಹುಡುಗರ ಕೈಯಲ್ಲಿ ವರದಿಗಳ ಕಟಿಂಗ್ ಇದ್ದ ಫೈಲಿತ್ತು, ನಮ್ಮ ಕೈಯಲ್ಲಿ ಚಂದದ ಅಕ್ಷರ ಜೋಡಣೆ ಇತ್ತು. ಕೆಲಸಕ್ಕೆ ಅರ್ಜಿ ಹಾಕಿದಾಗ ಅವರು ವರದಿಗಾರರಾದರು, ನಾವು ಉಪಸಂಪಾದಕಿಯರಾದೆವು. ಇವತ್ತು ಜಿಲ್ಲಾ ಕೇಂದ್ರದ ಪತ್ರಿಕಾಗೋಷ್ಠಿಯ ಫೋಟೋ ಬಂದಾಗ ನಾನು ಕುರ್ಚಿಗಳನ್ನು ನೋಡುತ್ತೇನೆ. ಎಷ್ಟು ಹೆಣ್ಣುಮಕ್ಕಳಿದ್ದಾರೆ ಅಂತ ಎಣಿಸುವುದು ನನಗೊಂದು ಅಭ್ಯಾಸ. ಬಹಳ ದಿನ ಒಂದು ಕೈಯ ಬೆರಳು ಜಾಸ್ತಿ ಆಗುತ್ತವೆ.

ಇನ್ನು ಸುದ್ದಿ ಬೀಳುವ ಮಾತು.

2019ರ ಜುಲೈ. ರಜೆ ಮುಗಿಸಿ ಹಾಸ್ಟೆಲಿಗೆ ಬಂದಾಗ ನಲ್ಲಿಯಲ್ಲಿ ಹಳದಿ ನೀರು. ಮೇಲಿನ ಟ್ಯಾಂಕನ್ನು ರಜೆಯಲ್ಲಿ ಯಾರೂ ತೊಳೆದಿರಲಿಲ್ಲ. ಒಂದೇ ವಾರದಲ್ಲಿ ಮೂವರಿಗೆ ವಾಂತಿಭೇದಿ ಆಯಿತು. ನನ್ನ ರೂಮ್‌ಮೇಟ್, ನನ್ನದೇ ಕ್ಲಾಸಿನವಳು, ಅದರ ಮೇಲೆ ಒಂದು ವರದಿ ಬರೆದಳು. ಎಷ್ಟು ಚೆನ್ನಾಗಿ ಬರೆದಿದ್ದಳು ಅಂದರೆ, ಇವತ್ತು ನನ್ನ ಡೆಸ್ಕಿಗೆ ಬಂದರೆ ಒಂದು ಅಕ್ಷರ ಮುಟ್ಟದೆ ಹಾಕುತ್ತೇನೆ. ಟ್ಯಾಂಕ್ ಹತ್ತಿ ಫೋಟೋ ತೆಗೆದಿದ್ದಳು. ತೊಳೆಯುವ ಹೊಣೆ ಯಾರದ್ದು ಅಂತ ಕಚೇರಿಗೆ ಹೋಗಿ ಕೇಳಿದ್ದಳು. ಮೂವರು ಹುಡುಗಿಯರ ಜೊತೆ, ವಾರ್ಡನ್ ಜೊತೆ, ಪಂಪ್ ನೋಡಿಕೊಳ್ಳುವ ಕಾಕಾನ ಜೊತೆಗೂ ಮಾತಾಡಿದ್ದಳು. ನಾನೇ ಅದನ್ನು ಮೂರನೇ ಪುಟದಲ್ಲಿ ಮೂರು ಕಾಲಂ ಕೂರಿಸಿದ್ದೆ.

ಪುಟ ಕೊನೆಯಾಗುವ ಸಂಜೆ ಅದು ಹೋಯಿತು. ಯಾರೂ ಸಿಟ್ಟು ಮಾಡಲಿಲ್ಲ, ಯಾರೂ ಹೆದರಿಸಲಿಲ್ಲ. ಸರ್ ಪುಟವನ್ನು ಎರಡು ಸಲ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. ‘ಚಲೋ ಬರದಾಳ. ಆದ್ರ ಜಾಗ ಇಲ್ಲ ನೋಡ್ರಿ. ಮುಂದಿನ ಸಂಚಿಕೆಗೆ ಇಟ್ಕೊಳ್ಳೋಣು’ ಅಂದರು. ಆ ಜಾಗದಲ್ಲಿ ಪತ್ರಿಕಾ ದಿನಾಚರಣೆಯ ಫೋಟೋ ಬಂತು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಬಂದ ನೆನಪಿಗೆ ಪ್ರತಿ ವರ್ಷ ಮಾಡುವ ಕಾರ್ಯಕ್ರಮ ಅದು. ಅತಿಥಿಗಳು ಶಾಲು ಹೊದ್ದು ನಿಂತಿದ್ದರು. ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಅವರು ಆಡಿದ ಮಾತನ್ನು ಫೋಟೋದ ಕೆಳಗೆ ನಾನೇ ಟೈಪ್ ಮಾಡಿದೆ. ನನ್ನ ಗೆಳತಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಏನೂ ಅನ್ನಲಿಲ್ಲ.

ಅದೇ ಸೆಮಿಸ್ಟರಿನಲ್ಲಿ ನಾವು ಗೇಟ್‌ಕೀಪಿಂಗ್ ಸಿದ್ಧಾಂತ ಓದಿದ್ದೆವು, ಯಾವ ಸುದ್ದಿಯನ್ನು ಒಳಗೆ ಬಿಡಬೇಕು ಅಂತ ಯಾರು ಹೇಗೆ ಆರಿಸುತ್ತಾರೆ ಅನ್ನುವುದು. ಡೇವಿಡ್ ಮ್ಯಾನಿಂಗ್ ವೈಟ್ ಎಂಬುವವರು ಅಮೆರಿಕದ ಒಂದು ಪತ್ರಿಕೆಯ ಸಂಪಾದಕರೊಬ್ಬರು ಒಂದು ವಾರ ಯಾವ ಯಾವ ಸುದ್ದಿ ಬಿಟ್ಟರು, ಏಕೆ ಬಿಟ್ಟರು ಅಂತ ಅವರಿಂದಲೇ ಬರೆಸಿ ನೋಡಿದರು. 1950ರಲ್ಲಿ ಅದು ಪ್ರಕಟವಾಯಿತು. ‘ಜಾಗ ಇಲ್ಲ’ ಅನ್ನುವುದು ಆ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವ ಕಾರಣ. ಪರೀಕ್ಷೆಯಲ್ಲಿ ಅದನ್ನು ಹತ್ತು ಅಂಕಕ್ಕೆ ಬರೆದೆ. ಆದರೆ ಅದು ನನಗೆ ಅರ್ಥವಾದದ್ದು ಪರೀಕ್ಷೆಯಲ್ಲಲ್ಲ. ಮೂರು ಕಾಲಂ ಸುದ್ದಿಯನ್ನು ಆಯ್ಕೆ ಮಾಡಿ ಡಿಲೀಟ್ ಕೀಲಿ ಒತ್ತಿದಾಗ.

ಸರ್ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಈಗ ಅಷ್ಟಿಲ್ಲ. ಕೊನೆಯ ಪುಟದ ಅಡಿಯಲ್ಲಿ ಒಂದು ಸಾಲು ಇರುತ್ತದಲ್ಲ, ಮುದ್ರಕರು, ಪ್ರಕಾಶಕರು, ಸಂಪಾದಕರು, ಎಲ್ಲಿ ಅಚ್ಚಾಯಿತು ಅಂತ? 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆಯಿಂದ ಬಂದ ಪದ್ಧತಿ ಅದು. ನಮ್ಮದು ಮಾರುವ ಪತ್ರಿಕೆ ಅಲ್ಲದಿದ್ದರೂ ಸರ್ ಆ ಸಾಲನ್ನು ಪ್ರತಿ ಸಂಚಿಕೆಯಲ್ಲೂ ನಮ್ಮಿಂದ ಹಾಕಿಸುತ್ತಿದ್ದರು. ‘ಇಲ್ಲಿ ಯಾರ ಹೆಸರ ಇರತೈತಿ, ನಾಳೆ ಉತ್ತರ ಅವರ ಕೊಡಬೇಕು’ ಅನ್ನುತ್ತಿದ್ದರು. ಆ ಸಾಲಿನಲ್ಲಿ ಇದ್ದದ್ದು ಅವರ ಹೆಸರು. ಅವರದ್ದು ಕಾಯಂ ನೌಕರಿಯೂ ಆಗಿರಲಿಲ್ಲ, ಪ್ರತಿ ವರ್ಷ ಹೊಸದಾಗಿ ಆದೇಶ ಬರಬೇಕಿತ್ತು. ಇಷ್ಟು ಗೊತ್ತಿದ್ದೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಆ ಸುದ್ದಿ ಬರಬೇಕಿತ್ತು. ಆದರೆ ಸುದ್ದಿಯನ್ನು ಹಿಡಿದು ನಿಲ್ಲಿಸುವ ಕೈ ಬಹಳ ಸಲ ಹೆದರಿದ ಕೈ ಆಗಿರುತ್ತದೆ ಅಂತ ಅಲ್ಲೇ ಗೊತ್ತಾಯಿತು. ನೌಕರಿಯಲ್ಲಿ ಮೊದಲ ಸಲ ಜಾಹೀರಾತು ವಿಭಾಗದಿಂದ ಫೋನ್ ಬಂದು ಒಂದು ಸುದ್ದಿ ಒಳಪುಟಕ್ಕೆ ಹೋದಾಗ, ನನ್ನ ಮೇಲಿನವರು ಅಂದದ್ದೂ ಅದೇ. ‘ಜಾಗ ಇಲ್ಲ.’ ಅವರೂ ಆ ಹೊತ್ತಿಗೆ ಕನ್ನಡಕ ಒರೆಸಿಕೊಂಡರು.

ಇದರ ನಡುವೆ ನಿಜವಾದ ಪಾಠ ಅಂತ ಕ್ಲಾಸಿನಲ್ಲಿ ನಡೆದದ್ದೂ ಇದೆ. ಅದನ್ನು ಹೇಳದಿದ್ದರೆ ನ್ಯಾಯ ಆಗಲ್ಲ.

ನವೆಂಬರ್ 1 ಬೆಳಗಾವಿಯಲ್ಲಿ ಬೇರೆ ಊರಿನ ಹಾಗೆ ಇರುವುದಿಲ್ಲ. ಕನ್ನಡ ರಾಜ್ಯೋತ್ಸವದ ಮೆರವಣಿಗೆಗೆ ಚನ್ನಮ್ಮ ವೃತ್ತ ತುಂಬಿ ಹೋಗುತ್ತದೆ. ಹಳ್ಳಿಗಳಿಂದ ಟ್ರ್ಯಾಕ್ಟರ್ ಕಟ್ಟಿಕೊಂಡು ಜನ ಬರುತ್ತಾರೆ. ಅದೇ ದಿನ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಕರಾಳ ದಿನ ಆಚರಿಸುತ್ತಾರೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆದಾಗ ಬೆಳಗಾವಿ ಮೈಸೂರು ರಾಜ್ಯಕ್ಕೆ ಬಂದದ್ದನ್ನು ಒಪ್ಪದವರು ಅವರು. ನಮ್ಮ ಕ್ಲಾಸಿನಲ್ಲಿ ಮನೆಮಾತು ಮರಾಠಿ ಇದ್ದವರು ಆರು ಜನ. ಮರುದಿನ ಸರ್ ಒಂದು ಕನ್ನಡ ಪತ್ರಿಕೆ, ಒಂದು ಮರಾಠಿ ಪತ್ರಿಕೆ ತಂದು ಮೇಜಿನ ಮೇಲೆ ಅಕ್ಕಪಕ್ಕ ಹರಡಿದರು. ಒಂದೇ ಊರು, ಒಂದೇ ದಿನ. ಇದರಲ್ಲಿದ್ದ ಜನಸಾಗರ ಅದರಲ್ಲಿ ಇಲ್ಲ, ಅದರಲ್ಲಿದ್ದ ಜನಸಾಗರ ಇದರಲ್ಲಿ ಇಲ್ಲ.

ಆಮೇಲೆ ಆ ದಿನದ ಬಗ್ಗೆ ನಾವು ಬರೆದಿದ್ದ ವರದಿಗಳನ್ನು ಹೊರಗೆ ತೆಗೆಯಿಸಿದರು. ಮರಾಠಿ ಮನೆಮಾತಿನ, ಖಾನಾಪುರದ ಒಬ್ಬ ಗೆಳೆಯನೂ ನಾನೂ ಬೆಳಿಗ್ಗೆ ಒಟ್ಟಿಗೇ ಹೋಗಿದ್ದೆವು. ಎರಡೂ ಮೆರವಣಿಗೆ ನೋಡಿದ್ದೆವು. ನಡುವೆ ಒಂದೇ ಗಾಡಿಯಲ್ಲಿ ಚಹಾ ಕುಡಿದಿದ್ದೆವು. ಆದರೂ ರಾಜ್ಯೋತ್ಸವಕ್ಕೆ ನಾನು ಬರೆದ ಸಂಖ್ಯೆ ಅವನು ಬರೆದದ್ದಕ್ಕಿಂತ ದುಪ್ಪಟ್ಟು ಇತ್ತು. ಇನ್ನೊಂದು ಮೆರವಣಿಗೆಗೆ ಅವನು ಬರೆದದ್ದು ನನ್ನದರ ಮೂರು ಪಟ್ಟು. ಸರ್ ಎರಡನ್ನೂ ಗಟ್ಟಿಯಾಗಿ ಓದಿ ಒಂದೇ ಮಾತು ಕೇಳಿದರು.

‘ಎಣಿಸಿದವರು ಯಾರು?’

ಕ್ಲಾಸು ಸುಮ್ಮನಾಯಿತು. ಆ ಗೆಳೆಯ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಬ್ಬರೂ ಸುಳ್ಳು ಬರೆಯಬೇಕು ಅಂತ ಬರೆದಿರಲಿಲ್ಲ. ಖರೇ ಅಂದರೆ, ಅಷ್ಟು ಜನ ಇದ್ದಾರೆ ಅಂತ ನನಗೆ ಅನ್ನಿಸಿತ್ತು. ಅಷ್ಟೇ ಜನ ಇದ್ದಾರೆ ಅಂತ ಅವನಿಗೂ ಅನ್ನಿಸಿತ್ತು. ಅವತ್ತಿನಿಂದ ‘ಸಾವಿರಾರು ಜನ’ ಅನ್ನುವ ಪದ ಬಂದ ಕಡೆ ನನ್ನ ಕೈ ನಿಲ್ಲುತ್ತದೆ. ವರದಿಗಾರರಿಗೆ ಫೋನ್ ಮಾಡಿ ಕೇಳುತ್ತೇನೆ. ಕೆಲವರಿಗೆ ಬೇಸರ ಆಗುತ್ತದೆ, ಆಗಲಿ. ನೀರಿನ ಸುದ್ದಿ ತೆಗೆದ ಸರ್ ಮತ್ತು ಈ ಪ್ರಶ್ನೆ ಕೇಳಿದ ಸರ್ ಇಬ್ಬರೂ ಒಬ್ಬರೇ. ಅದೂ ಪತ್ರಿಕೋದ್ಯಮದ ಹಾಗೆಯೇ ಇದೆ ಅಲ್ವಾ? ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಂತವರು ಇನ್ನೊಂದು ವಿಷಯದಲ್ಲಿ ಬಾಗಿರುತ್ತಾರೆ.

ಡಿಸೆಂಬರ್ ಬಂದರೆ ಹಲಗಾದ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ. 2012ರಲ್ಲಿ ಉದ್ಘಾಟನೆಯಾದ ಆ ದೊಡ್ಡ ಬಿಳಿ ಕಟ್ಟಡ ವರ್ಷದಲ್ಲಿ ಸುಮಾರು ಎರಡು ವಾರ ಪೂರ್ತಿ ಎಚ್ಚರವಾಗಿರುತ್ತದೆ. ಬೆಂಗಳೂರಿನ ವರದಿಗಾರರು, ಚಾನೆಲ್‌ಗಳ ನೇರ ಪ್ರಸಾರದ ಓಬಿ ವ್ಯಾನ್‌ಗಳು ಹೆದ್ದಾರಿ ಪಕ್ಕ ಸಾಲಾಗಿ ನಿಲ್ಲುತ್ತವೆ. ನಮ್ಮ ಕ್ಲಾಸಿನ ಒಬ್ಬ ಹುಡುಗನನ್ನು ಒಂದು ತಂಡದವರು ಹತ್ತು ದಿನ ಜೊತೆಗೆ ಇಟ್ಟುಕೊಂಡರು. ಅವನ ಬೈಕು, ಅವನ ಪೆಟ್ರೋಲು, ಅವನ ಪರಿಚಯ. ಕಬ್ಬಿನ ಬಾಕಿಗಾಗಿ ಧರಣಿ ಕೂತ ರೈತರ ಹತ್ತಿರ ಅವನೇ ಕರೆದುಕೊಂಡು ಹೋದ. ಅವರ ಜೊತೆ ಅವರ ಮಾತಿನಲ್ಲೇ ಮಾತಾಡಿ ಬೈಟ್, ಅಂದರೆ ಕ್ಯಾಮೆರಾ ಮುಂದೆ ಹೇಳಿಕೆ, ಕೊಡಿಸಿದ. ಟಿವಿಯಲ್ಲಿ ಮೈಕ್ ಹಿಡಿದು ನಿಂತವರು ಬೇರೆ. ಕೊನೆಯ ದಿನ ಅವನಿಗೆ ಒಂದು ಊಟ ಸಿಕ್ಕಿತು, ಬೆನ್ನು ತಟ್ಟಿ ಕಳಿಸಿದರು. ನಮಗೆಲ್ಲ ಕುಂದಾ ತಂದು ಹಂಚಿದ. ಬಹಳ ಖುಷಿಯಲ್ಲಿದ್ದ.

ಆ ಖುಷಿ ನೆನೆದರೆ ಈಗ ಸಂಕಟ ಆಗುತ್ತದೆ. ಯಾಕೆಂದರೆ ತಾಲೂಕುಗಳಲ್ಲಿ ಕೆಲಸ ಮಾಡುವ ಎಷ್ಟೋ ಬಿಡಿ ಸುದ್ದಿಗಾರರ ಬದುಕು ಇಷ್ಟೇ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ, ಪತ್ರಕರ್ತರ ಸಂಬಳದ ಬಗ್ಗೆ 2011ರಲ್ಲಿ ಅಧಿಸೂಚನೆ ಆದ ಮಜೀಠಿಯಾ ವೇತನ ಮಂಡಳಿಯ ಶಿಫಾರಸು, 2014ರಲ್ಲಿ ಅದನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್ ತೀರ್ಪು, ಎಲ್ಲ ನಾವು ಓದಿ ಪಾಸಾದೆವು. ಆದರೆ ಸಂಬಳದ ಪಟ್ಟಿಯಲ್ಲೇ ಹೆಸರಿಲ್ಲದವನಿಗೆ ವೇತನ ಮಂಡಳಿ ಏನು ಕೊಟ್ಟೀತು? ಸುದ್ದಿಗೆ ಇಷ್ಟು ಅಂತ ಸಣ್ಣ ದುಡ್ಡು. ಉಳಿದದ್ದು ಪುರವಣಿಗೆ ಜಾಹೀರಾತು ತಂದರೆ ಸಿಗುವ ಕಮಿಷನ್. ಬೆಳಿಗ್ಗೆ ಯಾರ ವಿರುದ್ಧ ಸುದ್ದಿ ಬರೆಯಬೇಕೋ ಅವರ ಮನೆಗೇ ಸಂಜೆ ಶುಭಾಶಯದ ಜಾಹೀರಾತು ಕೇಳಲು ಹೋಗಬೇಕು. ಇಂಥವರು ಕಳಿಸಿದ ಸುದ್ದಿಯನ್ನು ನಾನು ದಿನಾ ತಿದ್ದುತ್ತೇನೆ. ಬೈಲೈನ್, ಅಂದರೆ ಸುದ್ದಿಯ ಜೊತೆ ಬರೆದವರ ಹೆಸರು, ಹಾಕಲು ಜಾಗ ಇದ್ದರೆ ಮೊದಲು ಅವರಿಗೇ ಹಾಕುತ್ತೇನೆ. ನನ್ನ ಕೈಯಲ್ಲಿರುವುದು ಅಷ್ಟೇ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಇಂಟರ್ನ್‌ಶಿಪ್ ರದ್ದಾಯಿತು, ಪತ್ರಿಕೆಗಳ ಪುಟ ಕಡಿಮೆಯಾದವು, ಕೆಲಸ ಕೊಡುತ್ತೇವೆ ಅಂದಿದ್ದವರು ಫೋನ್ ಎತ್ತಲಿಲ್ಲ. ನೀರಿನ ವರದಿ ಬರೆದ ನನ್ನ ಗೆಳತಿ ಬಿ.ಇಡಿ. ಮಾಡಿ ಶಿಕ್ಷಕಿಯಾದಳು. ಕ್ಲಾಸಿನ ಅತಿ ಒಳ್ಳೆಯ ವರದಿಗಾರ್ತಿ ಅವಳು. ಇದರ ಬಗ್ಗೆ ಜಾಸ್ತಿ ಬರೆಯಲು ನನಗೆ ಮನಸ್ಸಿಲ್ಲ.

ನಾನು ಹೇಳಬೇಕಾದದ್ದು ಇನ್ನೊಂದಿದೆ. ಅದು ಆ ‘ಮುಂದಿನ ಸಂಚಿಕೆ’ಯ ಕತೆ.

ನೀರಿನ ಸುದ್ದಿಯನ್ನು ಯಾವ ಸಂಚಿಕೆಗೆ ಇಟ್ಟುಕೊಂಡಿದ್ದೆವೋ ಅದು ಬರುವುದರೊಳಗೆ 2019ರ ಆಗಸ್ಟ್ ಬಂತು. ಘಟಪ್ರಭಾ, ಮಾರ್ಕಂಡೇಯ ಉಕ್ಕಿದವು. ಹಿಡಕಲ್ ಡ್ಯಾಂನಿಂದ ನೀರು ಬಿಟ್ಟರು. ಲೋಳಸೂರ ಸೇತುವೆ ಮುಳುಗಿತು, ಗೋಕಾಕಿನ ಪೇಟೆಯೊಳಗೆ ನೀರು ನಿಂತಿತು. ನೀರು ಇಳಿದ ಮೇಲೆ ನಾವು ಎಂಟು ಜನ ವಾಯವ್ಯ ಸಾರಿಗೆ ಬಸ್ ಹಿಡಿದು ಹೋದೆವು. ಸಂಜೆಯೊಳಗೆ ತಿರುಗಿ ಬರುವ ಮಾತಿಗೆ ವಾರ್ಡನ್ ಮೇಡಂ ಒಪ್ಪಿದ್ದರು.

ಒಂದು ಸರ್ಕಾರಿ ಶಾಲೆಯಲ್ಲಿ ಪರಿಹಾರ ಕೇಂದ್ರ. ಕೋಣೆ ತುಂಬ ಒದ್ದೆ ಕೌದಿಗಳ ವಾಸನೆ. ಬ್ಲ್ಯಾಕ್‌ಬೋರ್ಡಿನ ಮೇಲೆ ಇನ್ನೂ ಮಗ್ಗಿ ಹಾಗೇ ಇತ್ತು. ಅದರ ಕೆಳಗೆ ಒಂದು ಚಾನೆಲ್‌ನವರು ಒಬ್ಬ ಅಜ್ಜಿಯ ಮುಂದೆ ಮೈಕ್ ಹಿಡಿದು ‘ಮನೆ ಬಿದ್ದಾಗ ಏನನ್ನಿಸ್ತು ಹೇಳಿ’ ಅಂತ ಕೇಳುತ್ತಿದ್ದರು. ಅಜ್ಜಿ ಅಳಲಿಲ್ಲ. ಅವರು ಮತ್ತೊಮ್ಮೆ ಕೇಳಿದರು. ನಮ್ಮ ಜೊತೆಗಿದ್ದ ಹುಡುಗ ಅದನ್ನೆಲ್ಲ ಮೊಬೈಲ್‌ನಲ್ಲಿ ತೆಗೆದುಕೊಂಡ. ಆಮೇಲೆ ಪಕ್ಕದ ಕೋಣೆಗೆ ಹೋಗಿ ಇನ್ನೊಬ್ಬರಿಗೆ ಅದೇ ಪ್ರಶ್ನೆ ಕೇಳಿದ. ಅವನಿಗೆ ಹೀಗೆ ಕೇಳಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ನೋಡಿ ಕಲಿತ, ಐದೇ ನಿಮಿಷದಲ್ಲಿ.

ನಾನು ಜಗಲಿಯಲ್ಲಿ ಕೂತಿದ್ದ ಒಬ್ಬ ಹೆಣ್ಣುಮಗಳ ಹತ್ತಿರ ಹೋದೆ. ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ರೇಶನ್ ಕಾರ್ಡು. ಕಾರ್ಡಿನ ಅಕ್ಷರ ನೀರಿಗೆ ಹರಡಿ ನೀಲಿ ಕಲೆಯಾಗಿತ್ತು. ತುರ್ತು ಪರಿಹಾರ ಅಂತ ಸರ್ಕಾರ ಕುಟುಂಬಕ್ಕೆ 10 ಸಾವಿರ ರೂಪಾಯಿ ಕೊಡುತ್ತಿದ್ದ ದಿನಗಳು ಅವು. ತಲಾಟಿ, ಅಂದರೆ ಗ್ರಾಮ ಲೆಕ್ಕಿಗರು, ಬರೆದುಕೊಂಡು ಹೋದ ಪಟ್ಟಿಯಲ್ಲಿ ಇವರ ಹೆಸರು ಬಂದಿರಲಿಲ್ಲ. ನಾನು ಏನು ಕೇಳಬೇಕು ಅಂತ ತಿಳಿಯದೆ ಹೆಸರು ಕೇಳಿದೆ. ಹೇಳಿದರು. ಬರೆದುಕೊಂಡೆ. ಅವರು ನನ್ನ ನೋಟ್‌ಬುಕ್ಕಿನ ಕಡೆ ಬಗ್ಗಿ ನೋಡಿದರು. ಓದಲು ಬರುತ್ತಿರಲಿಲ್ಲ, ಆದರೂ ನೋಡಿದರು.

‘ಹೆಸರ ಬರೋಬರಿ ಬರಕೊ ತಂಗಿ. ಪಟ್ಟ್ಯಾಗಂತೂ ಇಲ್ಲ. ನಿನ್ನ ಪೇಪರನ್ಯಾಗರೆ ಇರಲಿ.’

ಆ ಸಂಚಿಕೆ ನಾಲ್ಕೂ ಪುಟ ನೆರೆಯದ್ದೇ ಆಯಿತು. ನೀರಿನ ಟ್ಯಾಂಕಿನ ಸುದ್ದಿಯನ್ನು ಯಾರೂ ನೆನಪಿಸಲಿಲ್ಲ, ಅಷ್ಟರಲ್ಲಿ ಟ್ಯಾಂಕ್ ತೊಳೆದಾಗಿತ್ತು. ರಾತ್ರಿ ಒಂಬತ್ತರವರೆಗೆ ಲ್ಯಾಬಿನಲ್ಲಿ ಇರಲು ಅವತ್ತು ನಮಗೆ ವಿಶೇಷ ಪರವಾನಗಿ ಸಿಕ್ಕಿತ್ತು. ನಾನೇ ಪುಟ ಕಟ್ಟಿದೆ. ಕರಡು ಇಬ್ಬರು ನೋಡಿದರು. ಎರಡು ದಿನ ಬಿಟ್ಟು ಪ್ರೆಸ್ಸಿನಿಂದ ಕಟ್ಟು ಬಂತು. ಸುತ್ತಿದ ದಾರ ಕತ್ತರಿಸಿ ಮೊದಲ ಪ್ರತಿ ತೆಗೆದು ಎರಡನೇ ಪುಟದಲ್ಲಿ ಆ ಹೆಣ್ಣುಮಗಳ ಹೆಸರು ನೋಡಿದೆ.

ಅವರ ಹೆಸರಿನಲ್ಲಿ ಒಂದು ಅರ್ಕಾವತ್ತು ಇತ್ತು. ಅದು ಬಿದ್ದುಹೋಗಿತ್ತು.

300 ಪ್ರತಿಯಲ್ಲೂ ಬಿದ್ದುಹೋಗಿತ್ತು. ನಾನು ಲ್ಯಾಬಿನ ನೆಲದ ಮೇಲೆ ಕೂತುಬಿಟ್ಟೆ. ಸರ್ ಬಂದರು, ನೋಡಿದರು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕೋಣ ಅನ್ನುತ್ತಾರೆ ಅಂದುಕೊಂಡೆ. ಅವರು ಜೇಬಿನಿಂದ ಕಪ್ಪು ಪೆನ್ನು ತೆಗೆದು ಕೊಟ್ಟರು. ‘ಯಾರ ಯಾರ ಕಡೆ ಪೆನ್ ಐತಿ ತಗೀರಿ’ ಅಂದರು. ಹದಿನಾಲ್ಕು ಜನ ವೃತ್ತವಾಗಿ ಕೂತೆವು. ಮರಾಠಿ ಮನೆಮಾತಿನ ಆ ಗೆಳೆಯನಿಗೆ ಅರ್ಕಾವತ್ತು ಎಷ್ಟು ದೊಡ್ಡದಿರಬೇಕು, ಯಾವ ಅಕ್ಷರದ ಪಕ್ಕ ಬರಬೇಕು ಅಂತ ನನ್ನ ಗೆಳತಿ ಅಂಗೈ ಮೇಲೆ ಬರೆದು ತೋರಿಸಿದಳು. ಒಬ್ಬರು ಪುಟ ತೆರೆಯುವುದು, ಒಬ್ಬರು ತಿದ್ದುವುದು, ಒಬ್ಬರು ಮಡಚಿ ಇಡುವುದು. ಯಾರೂ ಹೆಚ್ಚು ಮಾತಾಡಲಿಲ್ಲ. ಮಧ್ಯಾಹ್ನದ ಊಟ ಬಿಟ್ಟು 300 ಪ್ರತಿ ತಿದ್ದಿದೆವು.

ಮುಂದಿನ ಭಾನುವಾರ ನಾನೂ ಗೆಳತಿಯೂ ಗೋಕಾಕ್ ಬಸ್ ಹತ್ತಿದೆವು. ಪರಿಹಾರ ಕೇಂದ್ರ ಖಾಲಿಯಾಗಿತ್ತು. ಕ್ಲಾಸಿನ ಬೆಂಚುಗಳನ್ನು ಹೊರಗೆ ಬಿಸಿಲಿಗೆ ಇಟ್ಟಿದ್ದರು. ವಿಚಾರಿಸಿ ಆ ಹೆಣ್ಣುಮಗಳ ಊರಿಗೆ ಹೋದೆವು. ಅರ್ಧ ಬಿದ್ದ ಮನೆಯ ಮುಂದೆ ಕೆಸರು ತೋಡುತ್ತಿದ್ದರು. ಪತ್ರಿಕೆ ಕೊಟ್ಟು ‘ಇಲ್ಲೈತಿ ನೋಡ್ರಿ ನಿಮ್ಮ ಹೆಸರು’ ಅಂತ ತೋರಿಸಿದೆ. ಸೆರಗಿಗೆ ಕೈ ಒರೆಸಿಕೊಂಡು ಆ ಜಾಗವನ್ನು ಬೆರಳಿನಿಂದ ಮುಟ್ಟಿದರು. ಪೆನ್ನಿನ ಗುರುತು ಅವರಿಗೆ ಕಂಡಿತು.

‘ಇದೇನ ಕೈಲೆ ಬರದದ್ದು?’

‘ತಪ್ಪಾಗಿತ್ರಿ. ತಿದ್ದೀವಿ.’

ಹೌದೇ ಅಂದರು. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ, ರೇಶನ್ ಕಾರ್ಡ್ ಇದ್ದ ಅದೇ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡರು. ನಮಗೆ ಚಹಾ ಮಾಡಲು ಒಲೆ ಹಚ್ಚಿದರು. ಒದ್ದೆ ಕಟ್ಟಿಗೆ ಹೊತ್ತಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಗೆಳತಿ ಊದುಕೊಳವೆ ತಗೊಂಡು ಒಲೆಯ ಮುಂದೆ ಕೂತಳು.